ಮೂರು ಟಗರಿನ ಎನಾಕ್

ಎನಾಕ್ ಬಾರಕ್ಲೋ ಏಡಿಯ ಹಾಗೆ ಅಡ್ಡಡ್ಡ ನಡೆಯುತ್ತಿದ್ದ. ಪಬ್ಬಿನ ಕೌಂಟರಿಗೂ ಬಿಯರಿನ ಪೀಪಾಯಿಗಳ ಸಾಲಿಗೂ ನಡುವಿನ ಒಂದೂವರೆ ಅಡಿ ಸಂದಿಯಲ್ಲಿ, ಎರಡು ಕೈಯಲ್ಲೂ ತುಂಬಿದ ಲೋಟ ಹಿಡಿದು, ತೊಟ್ಟು ಚೆಲ್ಲದಂತೆ ಮೂವತ್ತು ವರ್ಷ ಸುಳಿದಾಡಿದ ದೇಹ ಅದು. ಭಾನುವಾರ ಬೆಳಗ್ಗೆ ಕುರಿಗಳಷ್ಟೇ ಇರುವ ಗುಡ್ಡದ ಬಯಲಿಗೆ ಬಿಟ್ಟರೂ ಎಡಭುಜ ಮುಂದಿಟ್ಟುಕೊಂಡೇ ಹೋಗುತ್ತಿತ್ತು. ಮೈಮೇಲೆ ಸದಾ ಅದೇ ಕಂದು ವೇಸ್ಟ್‌ಕೋಟು, ಜೇಬಿನಿಂದ ಇಣುಕುವ ಒರೆಸುಬಟ್ಟೆ. ತಾನು ಒಂದು ಗುಟುಕೂ ಕುಡಿದವನಲ್ಲ. ಪೀಪಾಯಿಗೆ ಕಿವಿಯಿಟ್ಟು, ಬೆರಳಿನಿಂದ ತಟ್ಟಿ, ಬಸುರಿಯ ದಿನ ಎಣಿಸುವ ಸೂಲಗಿತ್ತಿಯಂತೆ "ಇನ್ನೆರಡು ದಿನ ಬೇಕು" ಎನ್ನುತ್ತಿದ್ದ. ಆ ಲೆಕ್ಕ ತಪ್ಪಿದ್ದನ್ನು ನಾನು ಕಾಣೆ.

ಉಣ್ಣೆ ಗಿರಣಿಯ ನಮ್ಮ ಊರು ಥಾರ್ನ್‌ಕ್ಲಫ್‌ನ 'ಮೂರು ಟಗರು' ಪಬ್ಬು ಅವನ ತಾಯಿಯದು, ಅದಕ್ಕೂ ಮುಂಚೆ ಅಜ್ಜನದು. ಅಲ್ಲಿನ ಉದ್ದನೆಯ ಓಕ್ ಮೇಜಿನ ಮೇಲೆ ಹೊಳೆಗೆ ಬಿದ್ದವರನ್ನು ಮಲಗಿಸಿ ಪಂಚನಾಮೆ ನಡೆದಿದೆ. ಅದೇ ಮೇಜಿನ ಸುತ್ತ ನೇಕಾರರ ಸಂಘ ಹುಟ್ಟಿದೆ. ಉಜ್ಜಿ ತೊಳೆದ ಮೇಲೆ ಅದರ ಮೇಲೆಯೇ ಮದುವೆಯ ಊಟ ಬಡಿಸಿದ್ದಾರೆ. ಖಾಯಂ ಗಿರಾಕಿಗೆ ಅಲ್ಲಿ ತನ್ನದೇ ತವರದ ಲೋಟ, ಕೌಂಟರಿನ ಮೇಲಿನ ತೊಲೆಯಲ್ಲಿ ತನ್ನದೇ ಕೊಕ್ಕೆ. ಲೋಟ ತೂಗುತ್ತಿದ್ದರೆ ಅವನು ಊರಿನವನು. ಇಳಿಸಿ ಕೈಗೆ ಕೊಟ್ಟರೆ ಅವನಿಗೆ ಊರೇ ಮುಚ್ಚಿದಂತೆ.

ನಮಗೆಲ್ಲ ಇದ್ದ ದೊಡ್ಡ ಕುತೂಹಲವೆಂದರೆ ಎನಾಕನ ಮನಸ್ಸಿನೊಳಗೆ ಏನಿದೆ ಎಂಬುದು. ಓಟು ಯಾರಿಗೆ ಹಾಕುತ್ತಾನೆ, ಪಾದ್ರಿ ಒಳ್ಳೆಯವನೋ ಕಳ್ಳನೋ, ಏನೇ ಕೇಳಿ, "ಅದೂ ಒಂದು ಮಾತೇ. ನಾನು ಕೌಂಟರಿನ ಈಚೆಯವನಪ್ಪ" ಎಂದು ಒರೆಸುಬಟ್ಟೆ ಎಳೆಯುವನು.

"ನಿನ್ನ ಹೆಂಡ್ತಿ ಮದುವೆಗೆ ಒಪ್ಪಿದಾಗ್ಲೂ ಹಿಂಗೇ ಅಂದ್ಯೇನಯ್ಯ?" ಎಂದು ನಮ್ಮ ಸಂಘದ ಮುಂದಾಳು ಜೇಬೆಜ್ ಸಗ್ಡೆನ್ ಒಮ್ಮೆ ಕೆಣಕಿದ.

"ಇಲ್ಲ ಜೇಬೆಜ್. ಆವಾಗ ಇನ್ನೂ ಆಚೆ ಕಡೆಗಿದ್ದೆ."

ಗಿರಣಿಯವರು ಕೂಲಿ ಇಳಿಸಿದ ವರ್ಷ ನಾವು ಹನ್ನೊಂದು ವಾರ ಮುಷ್ಕರ ಹೂಡಿದೆವು. ಏಳನೆಯ ವಾರ, ಉಣ್ಣೆ ಬಾಚುವ ಆಮೋಸ್ ಹೆಪ್ಟನ್, ಕ್ಷಯ ಹಿಡಿದ ಹೆಂಡತಿಗೆ ಹಾಲು ಮೊಟ್ಟೆ ಒದಗಿಸಲಾರದೆ, ಒಬ್ಬನೇ ಕೆಲಸಕ್ಕೆಂದು ಗಿರಣಿಯ ಗೇಟು ದಾಟಿದ. ಅಂದೇ ಸಂಜೆ ಜೇಬೆಜ್ ಕೌಂಟರು ಗುದ್ದಿದ.

"ಆಮೋಸನ ಲೋಟ ಇಳಿಸು, ಎನಾಕ್. ಇಲ್ಲಾಂದ್ರೆ ನಮ್ಮ ನಲವತ್ತೂ ಇಳಿಸು. ಮೇಲಿನ ಬೀದಿ ಪಬ್ಬು ಇದ್ದೇ ಇದೆ."

ಇಳಿಸು ಎಂದು ಕೂಗಿದವರಲ್ಲಿ ನಾನೂ ಇದ್ದೆ. ನಲವತ್ತು ಜನ ಎದ್ದು ಹೋದರೆ ಅಜ್ಜನ ಕಾಲದ ಆ ಬಾಗಿಲಿಗೆ ಬೀಗವೇ ಗತಿ, ಅದು ಅವನಿಗೂ ಗೊತ್ತು, ನಮಗೂ ಗೊತ್ತು. "ಅದೂ ಒಂದು ಮಾತೇ" ಎಂದು ಎನಾಕ್ ಸ್ಟೂಲು ಹತ್ತಿದ. ಒಂದೊಂದೇ ಲೋಟ ಇಳಿಸಿದ, ಒರೆಸಿದ, ಬುಟ್ಟಿಗೆ ಹಾಕಿದ. ತೊಲೆ ಬೋಳಾಗುವವರೆಗೂ ನಿಲ್ಲಿಸಲಿಲ್ಲ.

"ನಲವತ್ತಂದ್ರಿ. ಒಂದು ಜಾಸ್ತಿನೇ ಇಳಿಸಿದ್ದೀನಿ. ಇವತ್ತಿಂದ ಎಲ್ರಿಗೂ ಗಾಜಿನ ಲೋಟ."

ಬುಟ್ಟಿ ನೆಲಮಾಳಿಗೆಗೆ ಹೋಯಿತು. ಅವನು ನಮ್ಮ ಮಾತು ನಡೆಸಿಕೊಟ್ಟನೋ ಮುರಿದನೋ ಎಂದು ನಾವು ವಾದಕ್ಕೆ ಬಿದ್ದೆವು. ವಾದಿಸುತ್ತ ಗಂಟಲು ಒಣಗಿತು. ಮೇಲಿನ ಬೀದಿಗೆ ಯಾರೂ ಹೋಗಲಿಲ್ಲ.

ಮುಷ್ಕರ ಮುಗಿಯಿತು. ಮರುದಿನವೇ ತೊಲೆಯ ತುಂಬ ಲೋಟಗಳು ಮತ್ತೆ ತೂಗಿದವು, ಆಮೋಸನದೂ, ಅದರ ಹಳೆಯ ಕೊಕ್ಕೆಯಲ್ಲೇ. ನಾವು ನೋಡಿಯೂ ನೋಡದಂತಿದ್ದೆವು. ಆದರೆ ಆಮೋಸನೇ ಬರಲಿಲ್ಲ. ಅವನ ಮನೆ ಪಬ್ಬಿನ ಎದುರಿಗೇ, ಬೀದಿಯ ಆಚೆ; ಗಿರಣಿಯಿಂದ ಬಂದವನು ತಲೆ ತಗ್ಗಿಸಿ ಒಳಗೆ ಸೇರಿಕೊಳ್ಳುವನು.

ಮೂರನೆಯ ಶನಿವಾರದ ನಡುಮಧ್ಯಾಹ್ನ, ಪಬ್ಬು ಗಿಜಿಗುಟ್ಟುವಾಗ, ಎನಾಕ್ ಆಮೋಸನ ಲೋಟಕ್ಕೆ ಬಿಯರು ತುಂಬಿಸಿದ. ಕೌಂಟರಿನ ಹಲಗೆ ಎತ್ತಿ ಹೊರಗೆ ಬಂದ. ವ್ಯಾಪಾರದ ಹೊತ್ತಿನಲ್ಲಿ ಅವನು ಕೌಂಟರಿನ ಆಚೆ ಕಡೆಗೆ ಬಂದದ್ದನ್ನು ನಾವು ಕಂಡದ್ದು ಅದೇ ಮೊದಲು. ಎಡಭುಜ ಮುಂದಿಟ್ಟು, ಅಡ್ಡಡ್ಡ, ಬೀದಿ ದಾಟಿದ. ನಾವು ಕಿಟಕಿಗೆ ಮುತ್ತಿದೆವು. ಅಲ್ಲಿ ಬಾಗಿಲಲ್ಲಿ ಆಡಿದ ಮಾತನ್ನು ಆಮೇಲೆ ಆಮೋಸನೇ ನನಗೆ ಹೇಳಿದ.

"ಅಲ್ಲಿ ಅವ್ರೆಲ್ಲ ಇದಾರಲ್ಲ, ಎನಾಕ್."

"ಇದಾರೆ."

"ಅವ್ರು ಏನಂತಾರೆ ಅಂತ ಗೊತ್ತು ನಂಗೆ. ನಿಂಗೇನನ್ಸುತ್ತೆ, ಅದು ಹೇಳು."

ಎನಾಕ್ ತಿರುಗಿ ಪಬ್ಬಿನ ಕಡೆ ನೋಡಿದನಂತೆ. "ಕೌಂಟರು ಅಲ್ಲೇ ಬಿಟ್ಟು ಬಂದಿದೀನಲ್ಲಯ್ಯ" ಎಂದನಂತೆ.

ಇಬ್ಬರೂ ಬೀದಿ ದಾಟಿ ಬಂದರು. ಜೇಬೆಜ್ ಗೋಡೆ ನೋಡುತ್ತಲೇ ಬೆಂಚಿನ ಮೇಲೆ ಎರಡು ಗೇಣು ಸರಿದ. ಎನಾಕ್ ಹಲಗೆ ಇಳಿಸಿಕೊಂಡು ತನ್ನ ಸಂದಿಗೆ ಸೇರಿದ. ಸಾಯುವ ತನಕ ಇನ್ನೊಂದು ಅಭಿಪ್ರಾಯ ಅವನಿಂದ ಹೊರಡಲಿಲ್ಲ.

ಅಂಥವರನ್ನು ಆಮೇಲೂ ಕೆಲವರನ್ನು ಕಂಡೆ, ಬೇರೆ ಬೇರೆ ಊರಿನ ಹಳೆಯ ಪಬ್ಬುಗಳಲ್ಲಿ. ಯಾರ ಪಕ್ಷಕ್ಕೂ ಸೇರದ, ಉಪ್ಪಿಲ್ಲದ ಗಂಜಿ ಎಂದು ಜನ ಅವರನ್ನು ಹಳಿಯುವುದನ್ನೂ ಕೇಳಿದ್ದೇನೆ. ಜನರಿಗೆ ಏನು ಗೊತ್ತು. ಎರಡು ಕೈಯಲ್ಲೂ ಇನ್ನೊಬ್ಬರ ಲೋಟ ಹಿಡಿದು ನಿಂತವನಿಗೆ, ಯಾರ ಕಡೆಗಾದರೂ ಬೆರಳು ತೋರಿಸಲು ಕೈ ಎಲ್ಲಿರುತ್ತದೆ?