ಇಳಿಜಾರಿನಲ್ಲಿ ನ್ಯೂಟ್ರಲ್

"ಮತ್ತೆ ನ್ಯೂಟ್ರಲ್‌ಗೆ ಹಾಕಿದ್ಯಾ? ಇದು ನಿನ್ನ ಹಳೇ ಡೀಸೆಲ್ ಡಬ್ಬಾ ಅಲ್ಲ, ಅಣ್ಣ!" ಪಕ್ಕದಲ್ಲಿ ಕೂತಿದ್ದ ತಮ್ಮ ಕಿರುಚಿದ.

"ಇಳಿಜಾರಲ್ಲಿ ಗಾಡಿ ತಾನೇ ಉರುಳುತ್ತೆ. ಇಪ್ಪತ್ತೆಂಟು ವರ್ಷ ಹೀಗೇ ಇಳಿಸಿದೀನಿ. ಬಾಯಿ ಮುಚ್ಕೊಂಡು ಕೂತ್ಕೋ."

ತಮ್ಮ ಕೊಂಡ ಎಲೆಕ್ಟ್ರಿಕ್ ಟ್ಯಾಕ್ಸಿಗೆ ಅಣ್ಣನೇ ಡ್ರೈವರ್ ಆಗಬೇಕಿತ್ತು. ಗುಡ್ಡ ಇಳಿಸುವುದನ್ನು ಇವತ್ತು ಕಲಿತರೆ ಮಾತ್ರ ಕೆಲಸ ಎಂದು ತಮ್ಮ ಬೆಳಿಗ್ಗೆಯೇ ಹೇಳಿದ್ದ. ಮೂರು ತಿರುವು ದಾಟುವಷ್ಟರಲ್ಲಿ ಬ್ರೇಕ್ ಸುಟ್ಟ ವಾಸನೆ ಮೂಗಿಗೆ ಅಡರಿತು.

"ಡ್ರೈವ್‌ಗೆ ಹಾಕು. ಆಕ್ಸಿಲರೇಟರ್‌ನಿಂದ ಕಾಲು ತೆಗಿ, ಸಾಕು. ಮೋಟಾರೇ ಗಾಡೀನ ಹಿಡಿಯುತ್ತೆ, ಬ್ಯಾಟರಿನೂ ತುಂಬುತ್ತೆ."

ಅಣ್ಣ ಹಲ್ಲು ಕಚ್ಚಿಕೊಂಡು ಹಾಗೇ ಮಾಡಿದ. ಯಾರೋ ಹಿಂದಿನಿಂದ ಜಗ್ಗಿದಂತೆ ಕಾರು ನಿಧಾನವಾಯಿತು. ಗುಡ್ಡದ ಬುಡಕ್ಕೆ ಬರುವಾಗ ಶೇಕಡಾ ನಲವತ್ತೊಂದಿದ್ದ ಬ್ಯಾಟರಿ ನಲವತ್ನಾಲ್ಕಕ್ಕೆ ಏರಿತ್ತು. ತಮ್ಮ ಹೇಳಿದ್ದು ನಿಜ. ಅಣ್ಣನ ಹೊಟ್ಟೆ ಉರಿದದ್ದೂ ಅದಕ್ಕೇ.

"ನೋಡಿದ್ಯಾ? ಇಪ್ಪತ್ತೆಂಟು ವರ್ಷ ಏನು ಕತ್ತೆ ಕಾಯ್ತಿದ್ಯಾ?"

"ಹೌದು ಕಣೋ, ಕಾಯ್ತಿದ್ದೆ. ಆ ಕತ್ತೆ ಈಗ ನನ್ನ ಪಕ್ಕದಲ್ಲೇ ಕೂತಿದೆ."

ಅಣ್ಣ ಕಾರನ್ನು ರಸ್ತೆಯ ಅಂಚಿಗೆ ನಿಲ್ಲಿಸಿ, ಕೀಲಿಯನ್ನು ತಮ್ಮನ ತೊಡೆಯ ಮೇಲೆ ಎಸೆದು ಇಳಿದ. ತಮ್ಮ ಎರಡು ಸಲ ಹಾರ್ನ್ ಹೊಡೆದ. ಅಣ್ಣ ತಿರುಗಿ ನೋಡದೆ ಬಸ್ ನಿಲ್ದಾಣದತ್ತ ನಡೆದ. ಆಮೇಲೆ ಎಂದೂ ಆ ಕಾರಿನ ಹತ್ತಿರ ಸುಳಿಯಲಿಲ್ಲ.