ಚಹಾ ಮುಗಿಯುವತನಕ

ಮಾರ್ಕೆಟ್ ಯಾರ್ಡಿನ ಆ ಹಮಾಲರ ಟೋಳಿಯಲ್ಲಿ ಒಂದು ರಿವಾಜಿತ್ತು. ಗಾಯವಾಗಿ ಹೋದವನು ಮತ್ತೆ ತೋಳಿಗೆ ಹಿತ್ತಾಳೆ ಬಿಲ್ಲೆ ಕಟ್ಟಬೇಕಾದರೆ, ಜೋಳದ ಚೀಲ ಬೆನ್ನಿಗೇರಿಸಿಕೊಂಡು, ಟೋಳಿಯ ಮುಖ್ಯಸ್ಥನಾದ ಮುಕಾದಮ ಚಹಾ ಕುಡಿದು ಮುಗಿಸುವತನಕ ನಿಂತಲ್ಲೇ ನಿಲ್ಲಬೇಕು. ಬಿಲ್ಲೆ ಇಲ್ಲದವನಿಗೆ ಕೆಲಸವಿಲ್ಲ.

ಲಾರಿಯಿಂದ ಬಿದ್ದಿದ್ದ ಅಂಬಾರಾಯ ಐದು ತಿಂಗಳ ಮೇಲೆ ಬಂದಿದ್ದ. ಆಸ್ಪತ್ರೆಯಲ್ಲಿ ಅವನ ಎಡಪಾದದ ಕೀಲನ್ನು ಮೊಳೆ ಹಾಕಿ ಬಿಗಿದುಬಿಟ್ಟಿದ್ದರು, ಇನ್ನದು ಮಡಚುವುದಿಲ್ಲ. ಅಲ್ಲಿ ವ್ಯಾಯಾಮ ಕಲಿಸುವ ಹೆಂಗಸು ತಿಳಿಹೇಳಿದ್ದಳು: ನಿಂತವನ ಮೈ ಎಂದೂ ಸುಮ್ಮನಿರುವುದಿಲ್ಲ. ಪಾದ, ಮೊಣಕಾಲು, ಸೊಂಟ ತೂಕವನ್ನು ಒಂದರಿಂದ ಒಂದಕ್ಕೆ ದಾಟಿಸುತ್ತಲೇ ಇರುತ್ತವೆ. ನಿನ್ನ ಪಾದದ ಪಾಲನ್ನು ಇನ್ನು ಸೊಂಟವೇ ಮಾಡಬೇಕು.

ಇಷ್ಟು ದಿನ ಅವನ ಬಿಲ್ಲೆ ಕಟ್ಟಿಕೊಂಡು ದುಡಿದವನು ಹೆಂಡತಿಯ ತಮ್ಮ ಅವ್ವಣ್ಣ. ಈಗ ಚೀಲ ಹೊರಿಸಿದವನೂ ಅವನೇ.

"ಕಂಬದಂಗ ನಿಲ್ರಿ ಮಾವ. ಅಳ್ಳಾಡಬ್ಯಾಡ್ರಿ."

ಅಂಬಾರಾಯ ಕಂಬದಂತೆ ಸೆಟೆದ. ಕೂಡಲೇ ಚೀಲ ಹಿಂದಕ್ಕೆಳೆಯಿತು. ಆಸ್ಪತ್ರೆಯ ಆ ಹೆಂಗಸಿನ ಮಾತು ನೆನಪಾಗಿ ಸೊಂಟದಿಂದ ಮುಂದೆ ಬಾಗಿದ. ಅತ್ತ ತೂಗಿದ, ಇತ್ತ ತೂಗಿದ. ಪಾದ ಮಾತ್ರ ಕದಲಲಿಲ್ಲ.

"ಮುಂಜಾನೇನ ಶೆರೆ ಏರ್ಸ್ಯಾನಲ್ರೋ!" ಟೋಳಿಯವರು ನಕ್ಕರು.

"ತಮಾಷಾ ಕುಣಿಯೋ ಮ್ಯಾಳದಾಗ ಸೇರಪಾ ಅಂಬಾರಾಯ, ಸೊಂಟ ಭಾಳ ಚೊಲೊ ಅದ!"

ಮುಕಾದಮ ಶಿವಪುತ್ರಪ್ಪ ನಗಲಿಲ್ಲ. ಚಹಾವನ್ನು ಬಸಿಗೆ ಸುರಿದುಕೊಂಡು, ಊದಿ, ಗುಟುಕು ಗುಟುಕಾಗಿ ಕುಡಿದ. ಅಂಬಾರಾಯನ ಕಣ್ಣಿಗೆ ಬೆವರಿಳಿಯಿತು. ಕಡೆಗೆ ಬಸಿ ಕೆಳಗಿಟ್ಟ ಸದ್ದು ಕೇಳಿಸಿತು.

"ನಿಂತಿ ಬಿಡಲೇ. ಅವ್ವಣ್ಣ, ಆ ಚೀಲ ತಗೊಂಡು ಲಾರಿಗಿ ಹಾಕು. ಆಮ್ಯಾಲ ಬಿಲ್ಲಾ ಬಿಚ್ಚಿ ಕೊಡು."

ಅವ್ವಣ್ಣ ಬೆನ್ನಿಗೆ ಬೆನ್ನು ಕೊಟ್ಟು ನಿಂತ. ಮೆಲ್ಲಗೆ ಜಾರಿಸಿಕೊಳ್ಳಬೇಕಾದ ಚೀಲವನ್ನು ಒಂದೇ ಜಗ್ಗಿಗೆ ಕಿತ್ತುಕೊಂಡ. ಹಿಂದಿನ ಭಾರ ಹೋಯಿತು. ಮುಂದೆ ಬಾಗಿದ್ದ ಸೊಂಟ ಅಷ್ಟು ಬೇಗ ಹಿಂದೆ ಬರಲಿಲ್ಲ. ತಡೆಯಲೆಂದು ಅಂಬಾರಾಯ ಎಡಗಾಲು ಮುಂದಿಟ್ಟ. ಅದು ಮಡಚದೆ ಹಲಗೆಯ ಹಾಗೆ ನೆಲಕ್ಕೆ ಬಡಿದು ಅವನನ್ನೇ ಉರುಳಿಸಿತು.

ಟೋಳಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. "ಹೊತ್ತಾಗ ನಿಂತಾಂವ ಇಳಿಸಿದ ಮ್ಯಾಲ ಬಿದ್ನಲ್ಲಪಾ!"

ಈ ಸಲ ಶಿವಪುತ್ರಪ್ಪನೂ ನಕ್ಕ.

"ಬಿಲ್ಲಾ ಏನ್ ಮಾಡ್ಲಿರಿ ಮುಕಾದಮ?" ಚೀಲದಡಿಯಿಂದಲೇ ಅವ್ವಣ್ಣ ಕೇಳಿದ.

"ನಿನ್ನ ಕಡೇನ ಇರ್ಲಿ ತಗೊ."

ಅಂಬಾರಾಯ ಬಿದ್ದಿದ್ದು ಚೀಲ ಹತ್ತಿಸಲು ಲಾರಿಗೆ ಹಚ್ಚಿದ ಹಲಗೆಯ ಬುಡದಲ್ಲಿ.

"ಮಾವ, ಹಾದಿ ಬಿಡ್ರಿ," ಅಂದ ಅವ್ವಣ್ಣ. "ಭಾರ ಅದ."

ಅಂಬಾರಾಯ ಮೊಣಕೈ ಊರಿ ಪಕ್ಕಕ್ಕೆ ಸರಿದ.