ಸೇಬಲ್ ಊರಿನ ಗುಂಡಿ

ಡರ್‌ವುಡ್‌ನ ಸಲಿಕೆ ಹೆಪ್ಪುಗಟ್ಟಿದ ನೆಲಕ್ಕೆ ಬಡಿದು ಪುಟಿಯಿತು. ಪಕ್ಕದಲ್ಲೇ ಶವಪೆಟ್ಟಿಗೆ ಕಾಯುತ್ತಿತ್ತು; ಗುಂಡಿಯೇ ಇರಲಿಲ್ಲ.

"ಗುಂಡಿ ತೋಡೋಕೆ ಯಾರಿಗೂ ಹೇಳಿರ್ಲಿಲ್ವಾ?" ನೊರೀನ್ ಕೇಳಿದಳು. ಪೆಟ್ಟಿಗೆಯಲ್ಲಿದ್ದವನು ಅವಳಪ್ಪ, ವರ್ಲ್ ಟ್ರಾಂಬ್ಲಿ. ಇಪ್ಪತ್ತಾರು ವರ್ಷ ಜೈಲಿನ ಕಾವಲುಗಾರ.

"ಚೀಟಿ ಬರೆದು ಜೈಲ್ ಗೇಟಿನ ಡಬ್ಬಿಗೆ ಹಾಕಿದ್ದೆ ಕಣೇ," ಎಂದಳು ಊರಿನ ಗುಮಾಸ್ತೆ ಇಡಾ. "ಹಳೇ ಅಭ್ಯಾಸ, ಕೈ ತಾನಾಗೇ ಹೋಯ್ತು."

"ಜೈಲು ಮುಚ್ಚಿ ಎಂಟು ತಿಂಗಳಾಯ್ತು. ಚೀಟಿ ಓದೋರ್ಯಾರು, ಅಳಿಲಾ?" ಎಂದ ಡರ್‌ವುಡ್. ಅವನೂ ಅಲ್ಲಿ ಕಾವಲಿದ್ದವನೇ.

ಊರಿನ ಹೆಣಗಳಿಗೆ ಗುಂಡಿ, ಊರಿನ ದಾರಿಯ ಹಿಮ ಬಾಚುವುದು, ಚರ್ಚಿನ ಸುಣ್ಣಬಣ್ಣ ಎಲ್ಲವೂ ಕೈದಿಗಳದೇ ಕೆಲಸವಾಗಿತ್ತು. ಜೈಲು ಮುಚ್ಚಿದಾಗ ಊರು ಸಂಬಳಕ್ಕೆ ಅತ್ತಿತು, ಬಾಗಿಲು ಹಾಕಿದ ಅಂಗಡಿಗಳಿಗೆ ಅತ್ತಿತು. ಆ ಕೈಗಳನ್ನು ಯಾರೂ ನೆನೆಯಲಿಲ್ಲ.

"ಮೂರು ಗಂಟೆಗೆ ನಾನು ಇನ್ನೊಂದೂರಿಗೆ ಹೋಗ್ಬೇಕು," ಪಾದ್ರಿ ಚಡಪಡಿಸಿದರು. "ಇವತ್ತು ಆಗ್ದಿದ್ರೆ ನೆಲ ಕರಗೋ ಏಪ್ರಿಲ್‌ವರೆಗೂ ಹೆಣದ ಕೋಣೆಯಲ್ಲೇ ಇಡ್ಬೇಕು."

"ಇಲ್ಲ. ಇವತ್ತೇ, ಅಮ್ಮನ ಪಕ್ಕದಲ್ಲೇ," ಎಂದಳು ನೊರೀನ್.

ಬೇಲಿಯ ಬಳಿ ನಿಂತಿದ್ದವನೊಬ್ಬ ಬಾಯಿಬಿಟ್ಟ. "ಮೊದ್ಲು ಪಿಕಾಸಿ ತಗೊಳ್ಳಿ. ಮೇಲಿನ ಒಂದಡಿ ಮಾತ್ರ ಗಟ್ಟಿ."

ಡರ್‌ವುಡ್ ಕಣ್ಣು ಕಿರಿದು ಮಾಡಿದ. "ಪಗಾನ್? ನೀನಾ? ಜೈಲಿಂದ ಯಾವಾಗ ಬಿಟ್ರೋ?"

"ಹೋದ ವರ್ಷ." ಅವನು ನೊರೀನ್ ಕಡೆ ತಿರುಗಿದ. "ನಿಮ್ಮಮ್ಮನ ಗುಂಡಿ ತೋಡಿದ್ದು ನಾನೇ, ಮೇಡಂ."

*

ಒಂಬತ್ತು ವರ್ಷದ ಹಿಂದೆ, ಇಂಥದೇ ನವೆಂಬರ್. ಜೈಲಿನ ಹಸಿರು ಅಂಗಿಯ ಪಗಾನ್ ಎದೆಮಟ್ಟದ ಗುಂಡಿಯಲ್ಲಿದ್ದ. ತನ್ನ ಹೆಂಡತಿಯದೇ ಗುಂಡಿಯಾದರೂ ವರ್ಲ್ ರಜೆ ಹಾಕದೆ ಕಾವಲಿಗೆ ಬಂದಿದ್ದ. ಚಪ್ಪಟೆ ಕಲ್ಲೊಂದರ ಮೇಲೆ ಕೈಕಟ್ಟಿ ನಿಂತಿದ್ದ.

"ಸರ್, ನೀರು ಕುಡೀಲಾ?"

ವರ್ಲ್ ಕೈಗಡಿಯಾರ ನೋಡಿದ. ಬಹಳ ಹೊತ್ತು ನೋಡಿದ.

"ಮೂಲೆ ನೇರ ಮಾಡು. ಆಮೇಲೆ."

ಕಾರಿನಲ್ಲಿದ್ದ ನೊರೀನ್ ಅದನ್ನು ಕೇಳಿಸಿಕೊಂಡು ಗಾಜು ಏರಿಸಿದ್ದಳು.

*

"ತೋಡಿಕೊಡ್ತೀಯಾ?" ಈಗ ಅವಳ ದನಿ ತಗ್ಗಿತ್ತು.

"ಇಲ್ಲ ಮೇಡಂ. ಅವನು ಮಣ್ಣಿಗೆ ಹೋಗೋದನ್ನ ನೋಡೋಕೆ ಏಳು ತಾಸು ಬಸ್ಸಲ್ಲಿ ಕೂತು ಬಂದಿದ್ದೀನಿ. ಬೇಕಾದ್ರೆ ಹೇಳಿಕೊಡ್ತೀನಿ."

ನೊರೀನ್ ತಾನೇ ಹೋಗಿ ಪಿಕಾಸಿ ತಂದು ಡರ್‌ವುಡ್‌ನ ಕೈಗಿಟ್ಟಳು. ಅವನ ಸಲಿಕೆ ಕಸಿದು ತಾನು ಹಿಡಿದಳು. ಶವಸಂಸ್ಕಾರಕ್ಕೆ ಬಂದಿದ್ದ ಇನ್ನಿಬ್ಬರು ಮುದಿ ಮಾಜಿ ಕಾವಲುಗಾರರು ಕೋಟು ಕಳಚಿದರು. ಪಗಾನ್ ಆ ಚಪ್ಪಟೆ ಕಲ್ಲಿನ ಮೇಲೆ ನಿಂತು ಹೇಳುತ್ತಾ ಹೋದ: ಇಲ್ಲಿ ಬೇರಿದೆ, ಅಲ್ಲಿ ಕಲ್ಲಿದೆ, ಮಣ್ಣು ದೂರ ಎಸೀರಿ.

ಎರಡೂವರೆಯ ಹೊತ್ತಿಗೆ ಗುಂಡಿ ಎದೆಮಟ್ಟಕ್ಕೆ ಇಳಿಯಿತು. ಒಳಗೆ ಡರ್‌ವುಡ್ ಏದುಸಿರು ಬಿಡುತ್ತಿದ್ದ, ಅಂಗೈ ಸುಲಿದಿತ್ತು. ಅವನು ತಲೆ ಎತ್ತಿ, ಕಲ್ಲಿನ ಮೇಲಿದ್ದವನನ್ನು ಕೇಳಿದ:

"ಒಂಚೂರು ನೀರು ಕುಡೀಲಾ?"

ನೊರೀನ್‌ಳ ಸಲಿಕೆ ನಿಂತಿತು.

ಪಗಾನ್ ಜೇಬಿನಿಂದ ಕೈ ತೆಗೆದು ಅಂಗಿಯ ತೋಳು ಮೇಲೆ ಸರಿಸಿದ. ಮಣಿಕಟ್ಟಿನಲ್ಲಿ ಗಡಿಯಾರವಿರಲಿಲ್ಲ. ಆದರೂ ಬಹಳ ಹೊತ್ತು ಬರಿ ಮಣಿಕಟ್ಟನ್ನೇ ನೋಡುತ್ತಾ ನಿಂತ.